ಏಳನೇ ಬೆಂಚಿನ ಕಿವಿ

ಹೈಡ್ರುನ್ ವೈಸ್‌ಹಾರಳ ಕಿವಿಗೆ
ಕಂಪನಿ ಮೂವತ್ತೊಂದು ವರ್ಷ ಸಂಬಳ ಕೊಟ್ಟಿದೆ.
ಕೈಗಲ್ಲ, ಓದಿಗಲ್ಲ, ಕಿವಿಗೆ.
ನೆಕರ್ ನದಿಯ ದಂಡೆಯ ಈ ಕಾರ್ಖಾನೆಯಲ್ಲಿ
ಹೊಸ ಇಂಜಿನ್ನು ಏಳನೇ ಬೆಂಚಿಗೆ ಬಂದು ಕೂತು
ಮೊದಲ ಸಲ ಗುಟುರು ಹಾಕುವಾಗ
ಅವಳು ಕಣ್ಣು ಮುಚ್ಚುವಳು:
‘ಮೂರನೇ ಸಿಲಿಂಡರು. ಹೊಗೆ ಬಿಡುವ ವಾಲ್ವು.
ಕೂದಲೆಳೆಯಷ್ಟು ಸಡಿಲ.’
ಬಿಚ್ಚಿ ನೋಡಿದರೆ, ಹೌದು.

ಪಕ್ಕದಲ್ಲಿ ಕೂತು
ಅದನ್ನು ಬರೆದುಕೊಳ್ಳುವುದು ನನ್ನ ಕೆಲಸ.

ಬ್ರಸೆಲ್ಸಿನಿಂದ ಸುದ್ದಿ ಬಂದ ಮಧ್ಯಾಹ್ನ
ಕ್ಯಾಂಟೀನಿನಲ್ಲಿ ಮಸೂರ ಬೇಳೆ, ಸ್ಪೆಟ್ಸ್ಲೆ.
ಟೀವಿಯಲ್ಲಿ ಒಂದು ಇಸವಿ:
ಎರಡು ಸಾವಿರದ ಮೂವತ್ತೈದು.
ಅಲ್ಲಿಂದಾಚೆ ಹೊಸ ಪೆಟ್ರೋಲು ಕಾರಿಲ್ಲ.
ಗೇರುಬಾಕ್ಸಿನ ನೆವ್ಜಾತ್ ಬೆರಳು ಮಡಚಿ ಮಡಚಿ
ತನ್ನ ನಿವೃತ್ತಿಯ ಲೆಕ್ಕ ಹಾಕಿದ.
ಒಂದು ಬೆರಳು ಉಳಿಯಿತು.
ಅದನ್ನೇ ಎತ್ತಿ ಟೀವಿಗೆ ತೋರಿಸಿದ.
ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕೆವು.

ನಾನು ನಗುವಾಗ ಜೇಬು ಮುಟ್ಟಿ ನೋಡಿಕೊಂಡೆ.
ನನ್ನ ಮಗನ ಇನ್‌ಹೇಲರ್ ಅಲ್ಲೇ ಇತ್ತು.
ನಮ್ಮ ಮನೆ ಹೆದ್ದಾರಿಯ ಮಗ್ಗುಲಲ್ಲಿ.
ಕಾನೂನಿನ ಪರ ಕೈ ಎತ್ತಿದವರಿಗೇ ನಾನು ಓಟು ಹಾಕಿದ್ದು;
ಈ ಮಾತು ಹೈಡ್ರುನ್‌ಗೆ ಇವತ್ತಿಗೂ ಹೇಳಿಲ್ಲ.

ಆ ವಾರ ಗೇಟಿಗೆ ಹಸಿರು ಬ್ಯಾನರು:
‘ಕಾನೂನಿಗಿಂತ ಎರಡು ವರ್ಷ ಮುಂದೆ ನಾವು!’
ಎರಡು ಚಳಿಗಾಲಕ್ಕೆ ಹಸಿರು ಹಳದಿಯಾಯಿತು.
‘ಗಿರಾಕಿಗಳು ಇನ್ನೂ ತಯಾರಿಲ್ಲ’ ಅಂದರು ಯಜಮಾನರು,
‘ಚಾರ್ಜು ಮಾಡುವ ಕಂಬಗಳಿಲ್ಲ,
ಚೀನಾದವರು ಅಗ್ಗ.’
ಆಮೇಲೆ ಮಂತ್ರಿಗಳಿಗೆ ಓಲೆ:
ಗಡುವಿರಲಿ, ಗಡಸು ಬೇಡ;
ಬಾಗಿಲು ಹಾಕಿ, ಚಿಲಕ ಮಾತ್ರ ನಮ್ಮ ಕಡೆಗಿರಲಿ.
ಅಡ್ಡಗೋಡೆಯ ಮೇಲೆ ದೀಪ.
ಅದರ ಬೆಳಕಲ್ಲಿ
ನಾವು ಮನೆಯ ಸಾಲದ ಕಂತು ಎಣಿಸಿದೆವು.

ಇಸವಿ ಜಾರಿತು ಅಂದರು ಕೆಲವರು.
ಇಲ್ಲ, ಬಾಗಿತು ಅಷ್ಟೇ ಅಂದರು.
ಏಳನೇ ಬೆಂಚು ಮಾತ್ರ ಯಾರನ್ನೂ ಕಾಯದೆ
ಒಂದು ಗುರುವಾರ ಎದ್ದು ಹೋಯಿತು.
ನೆಲದಲ್ಲಿ ನಾಲ್ಕು ಬೋಲ್ಟಿನ ತೂತು,
ತೂತಿನೊಳಗೆ ಹಳೇ ಎಣ್ಣೆ.

ಮಾರ್ಚಿನಲ್ಲಿ ಅವಳನ್ನು ನಾಲ್ಕನೇ ಮಹಡಿಗೆ ಕರೆದರು.
ಅಭ್ಯಾಸಬಲ, ನಾನೂ ಪುಸ್ತಕ ಹಿಡಿದು ಹಿಂದೆ ಹೋದೆ.
ಬಿಳಿ ಬೂಟಿನ ಹುಡುಗನೊಬ್ಬ ವಿವರಿಸಿದ:
ಬ್ಯಾಟರಿ ಕಾರಿಗೆ ದನಿಯಿಲ್ಲ,
ಕುರುಡರಿಗೆ, ಮಕ್ಕಳಿಗೆ ಗೊತ್ತಾಗುವುದಿಲ್ಲ,
ಮೆಲ್ಲಗೆ ಹೋಗುವಾಗ ಸದ್ದು ಮಾಡಲೇಬೇಕು;
ಅದೂ ಕಾನೂನೇ.
ಹದಿನಾಲ್ಕು ಸದ್ದು ಕೇಳಿಸಿದ.
ಒಂದು ಇಗರ್ಜಿಯ ಹಾಡುಮೇಳದಂತೆ,
ಒಂದು ಬಾಟಲಿಯ ಬಾಯಿಗೆ ಊದಿದಂತೆ,
ಒಂದು, ದೇವರೇ, ಫ್ರಿಜ್ಜಿನಂತೆ.

ಹೈಡ್ರುನ್ ಕಣ್ಣು ಮುಚ್ಚಿಯೇ ಇದ್ದಳು.
‘ಇದರಲ್ಲಿ ಯಾವುದೂ ಸಡಿಲವಿಲ್ಲ.’
ಹುಡುಗ ಹಿಗ್ಗಿದ: ‘ಹೌದಲ್ಲವೇ?’
‘ಸಡಿಲವಿಲ್ಲದ್ದು ಹತ್ತಿರ ಬಂದರೆ
ಬಂತು ಅಂತ ಹೇಗೆ ಗೊತ್ತಾಗಬೇಕು, ಮಗಾ?’
ಮೇಜಿನ ಮೇಲೆ ಉಗುರಿನಿಂದ ಕುಟ್ಟಿ ತೋರಿಸಿದಳು:
ಟಕ್, ಟಕ್, ಚೂರು ತಡವಾಗಿ
ಟಕ್.

ಮೊನ್ನೆ ಸಂಜೆ ಮಾರುಕಟ್ಟೆಯ ದಾರಿಯಲ್ಲಿ
ಜೀಬ್ರಾ ಪಟ್ಟೆಯ ಮೇಲೆ ಕಾಲಿಡಹೊರಟ
ಪುಟ್ಟ ಹುಡುಗಿಯೊಬ್ಬಳು
ಎತ್ತಿದ ಪಾದ ಎತ್ತಿದಂತೆಯೇ ನಿಂತಳು.
ತಿರುವಿನಿಂದ ನಮ್ಮದೇ ಹೊಸ ಕಾರು,
ಹೊಗೆಯಿಲ್ಲ, ವಾಸನೆಯಿಲ್ಲ,
ಇಲ್ಲದ ಸಿಲಿಂಡರಿನ ಇಲ್ಲದ ವಾಲ್ವಿನಿಂದ
ಕೂದಲೆಳೆಯಷ್ಟು ಸದ್ದು.

‘ಮೂರನೇದು,’ ಅಂದಳು ಹೈಡ್ರುನ್
ಎಲೆಕೋಸಿನ ಚೀಲ ಕೈ ಬದಲಿಸುತ್ತ.

ನಾನು ಪೆನ್ನಿಗಾಗಿ ಜೇಬು ತಡಕಿದೆ.